ಆರು ಸೆಂಟಿಮೀಟರ್ ಗಿಡ್ಡಾದ ದೇಶ

ಗಡಿಯಾರ ನೋಡಿ ಹೊತ್ತು ಎಷ್ಟಾಯಿತೆಂದು ಹೇಳುವುದು ಹಳೆಯ ಕಾಲದ ವಿದ್ಯೆ. ಗಡಿಯಾರ ನೋಡಿ ನೀವು ಎಷ್ಟು ಎತ್ತರದಲ್ಲಿ ನಿಂತಿದ್ದೀರಿ ಎಂದು ಹೇಳುವುದು ನನ್ನ ನೌಕರಿ. ಬೀದರಿನ ಕೆಂಪು ಮಣ್ಣಿನಲ್ಲಿ ಹುಟ್ಟಿದ, ಈಜು ಬಾರದ, ಮೀನು ಮುಟ್ಟದ ಈ ಮಾಣಿಕಪ್ಪನನ್ನು ಸರ್ಕಾರ ಅದೇ ನೌಕರಿಗಾಗಿ ಕಾರವಾರದ ಹತ್ತಿರದ ಕಡಲದಂಡೆಗೆ ತಂದು ಕೂರಿಸಿತ್ತು.

ವಿಷಯ ಸರಳ. ಎತ್ತರಕ್ಕೆ ಹೋದಂತೆ ಭೂಮಿಯ ಸೆಳೆತ ತುಸು ಸಡಿಲ. ಸೆಳೆತ ಸಡಿಲವಾದಲ್ಲಿ ಕಾಲ ತುಸು ಚುರುಕು. ಹಾಗಾಗಿ ಅಟ್ಟದ ಮೇಲಿಟ್ಟ ಗಡಿಯಾರ ನೆಲದ ಮೇಲಿನದಕ್ಕಿಂತ ಮುಂದೆ ಓಡುತ್ತದೆ. ಎಷ್ಟು ಮುಂದೆ? ಒಂದು ಸೆಂಟಿಮೀಟರ್ ಮೇಲಿಟ್ಟರೆ, ಈ ವಿಶ್ವ ಹುಟ್ಟಿದಂದಿನಿಂದ ಇವತ್ತಿನವರೆಗೆ ಲೆಕ್ಕ ಹಾಕಿದರೂ ಅರ್ಧ ಸೆಕೆಂಡು. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವ ಗಡಿಯಾರ ಹಿಂದೆ ಒಂದು ಕೋಣೆ ತುಂಬುತ್ತಿತ್ತಂತೆ. ನಮ್ಮ ಕಾಲಕ್ಕೆ ಅದು ಅಕ್ಕಿಡಬ್ಬಿಯಷ್ಟಾಗಿತ್ತು. ಒಳಗೆ ಬೆಳಕಿನ ಬಲೆಯಲ್ಲಿ ಸಿಕ್ಕಿಬಿದ್ದ ಪರಮಾಣುಗಳು ನಡುಗುತ್ತಿರುತ್ತವೆ, ಯಂತ್ರ ಆ ನಡುಕವನ್ನು ಎಣಿಸುತ್ತಿರುತ್ತದೆ.

ದೇಶದ ಮೂಲೆಮೂಲೆಗೂ ಇಂಥ ಗಡಿಯಾರಗಳು ಹೋಗಿದ್ದವು. ಎಲ್ಲವನ್ನೂ ಹೋಲಿಸಿ ನೋಡಲು ಒಂದು ಮೂಲ ಬೇಕಲ್ಲ, ಅದೇ ಸೊನ್ನೆ ಗಡಿಯಾರ. ಕಡಲ ಪಕ್ಕದ ಬಂಡೆಯಲ್ಲಿ ಸುರಂಗ ಕೊರೆದು, ಸಮುದ್ರಮಟ್ಟಕ್ಕೆ ಸರಿಯಾಗಿ ನೆಲದಲ್ಲಿ ಹಿತ್ತಾಳೆ ಗುರುತು ಹುಗಿದು, ಅದರ ಮೇಲೆ ಅದನ್ನು ಪ್ರತಿಷ್ಠಾಪಿಸಿ, ಉಕ್ಕಿನ ಮುಚ್ಚಳ ಇಳಿಸಿ, ಮೊಹರು ಹಾಕಿದ್ದರು. ಸುರಂಗದ ಬಾಯಲ್ಲಿ ನಮ್ಮ ನಿಯಂತ್ರಣ ಕೊಠಡಿ. ನಾನು ಬೆಳಿಗ್ಗೆ ಚಹಾ ಕುಡಿಯುತ್ತ ಗೋಡೆಯ ಮೇಲಿನ ನಕ್ಷೆ ನೋಡಿದರೆ ಇಡೀ ದೇಶ ಉಸಿರಾಡುವುದು ಕಾಣುತ್ತಿತ್ತು. ಲಡಾಖಿನ ಕಣಿವೆಯ ಗಡಿಯಾರ ಎಲ್ಲರಿಗಿಂತ ಮುಂದೆ. ನಮ್ಮ ಬೀದರಿನ ಬಯಲು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಮನೆಯ ನಡುವಿನ ಮಗನ ಹಾಗೆ. ಘಟ್ಟದ ಅಂಚಿಗೆ ಬಂದರೆ ಅಂಕಿ ದಡದಡನೆ ಇಳಿಯುತ್ತಿತ್ತು. ಅಂಡಮಾನಿನ ಬೆಟ್ಟದ್ವೀಪಗಳು ಕಡಲ ನಡುವೆಯೂ ಎದೆಯುಬ್ಬಿಸಿ ನಿಂತಿದ್ದರೆ, ಲಕ್ಷದ್ವೀಪ ಮಾತ್ರ ನೀರಿನ ಮೇಲೆ ಮೂಗಷ್ಟೇ ತೋರಿಸುತ್ತಿತ್ತು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳಲ್ಲಿ ಗಡಿಯಾರ ಸೊನ್ನೆಗಿಂತಲೂ ಹಿಂದೆ ಬಿದ್ದಿತ್ತು.

ಎತ್ತರ ಹೀಗೆ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗತೊಡಗಿದ್ದೇ ತಡ, ಜನಕ್ಕೆ ಅದರ ಹುಚ್ಚು ಹಿಡಿಯಿತು. ಮದುವೆ ಜಾಹೀರಾತಿನಲ್ಲಿ 'ವರ ಪದವೀಧರ, ಮನೆ ಸಮುದ್ರಮಟ್ಟದಿಂದ ಒಂಬೈನೂರ ಇಪ್ಪತ್ತೊಂದು ಮೀಟರ್' ಎಂದು ಹಾಕಿಸಿದರು. ಎದುರುಬದುರು ಮನೆಯವರು ಹೊಸ್ತಿಲಿನ ಎತ್ತರಕ್ಕಾಗಿ ಮಾತು ಬಿಟ್ಟರು. ಇದರ ನಡುವೆ ಒಂದು ವಿಚಿತ್ರವೂ ಇತ್ತು. ಹಳೆಯ ಸರ್ವೆಗೆ ಹೋಲಿಸಿದರೆ ಇಡೀ ದೇಶ, ಹಿಮಾಲಯದಿಂದ ಹಿಡಿದು ನಮ್ಮೂರ ಬಸ್‌ಸ್ಟ್ಯಾಂಡಿನ ತನಕ, ಆರು ಸೆಂಟಿಮೀಟರ್ ಗಿಡ್ಡಾಗಿತ್ತು. ಬೆಟ್ಟದ ಊರಿನವರು ಧರಣಿ ಕೂತರು. ಪಂಡಿತರು ಮಾತ್ರ ಖುಷಿಪಟ್ಟರು. ಕಡಲು ಏರಿದ್ದೇ ಕಾರಣ ಎಂದು ಒಬ್ಬರು, ಭೂಮಿ ಕುಗ್ಗಿದ್ದು ಎಂದು ಇನ್ನೊಬ್ಬರು, ಹಳೆಯ ಸರ್ವೆಯವರ ಸರಪಳಿ ಬಿಸಿಲಿಗೆ ಹಿಗ್ಗಿತ್ತು ಎಂದು ಮತ್ತೊಬ್ಬರು ಬರೆದು, ಆ ಆರು ಸೆಂಟಿಮೀಟರಿನ ಮೇಲೆ ಮೂರು ಜನ ಡಾಕ್ಟರೇಟ್ ಪಡೆದರು.

ಇದು ಬರೀ ತಮಾಷೆಯಾಗಿದ್ದರೆ ಚೆನ್ನಿತ್ತು. ಕಡಲು ನಿಜಕ್ಕೂ ಏರುತ್ತಿತ್ತು. ಅದಕ್ಕೇ ಒಂದು ನಿಯಮ ಬಂತು. ಗಡಿಯಾರದ ಅಳತೆಯಲ್ಲಿ ನೂರಿಪ್ಪತ್ತು ಸೆಂಟಿಮೀಟರಿಗಿಂತ ತಗ್ಗಾದ ಊರು ತೆರವಿನ ಪಟ್ಟಿಗೆ. ಪಟ್ಟಿಗೆ ಸೇರಿದ ಊರಿಗೆ ಕರೆಂಟು, ಶಾಲೆ, ದೋಣಿ ಎಲ್ಲ ಬಂದ್. ಜನರಿಗೆ ದೂರದ ಗುಡ್ಡದ ಮೇಲೆ ಸಾಲುಮನೆ. ಆ ಪಟ್ಟಿಗೆ ಸಹಿ ಮಾಡುವವನು ನಾನು. ಆರುನೂರು ಮೀಟರ್ ಎತ್ತರದಲ್ಲಿ ಹುಟ್ಟಿದವನಿಗೆ ನೂರಿಪ್ಪತ್ತು ಸೆಂಟಿಮೀಟರ್ ಅಂದರೆ ಏನು ಗೊತ್ತಾಗಬೇಕು? ಕಣ್ಣುಮುಚ್ಚಿ ಮಾಡುತ್ತಿದ್ದೆ.

ಮನೆಯಲ್ಲಿ ನನ್ನ ಹೆಂಡತಿ ಸುಗಲಾಳಿಗೆ ಈ ಯಾವ ಎತ್ತರದ ಚಿಂತೆಯೂ ಇರಲಿಲ್ಲ. ಅವಳ ಚಿಂತೆ ಒಂದು ಮಣೆ. ಮದುವೆಯಲ್ಲಿ ಅವಳವ್ವ ಬೇವಿನ ಮರದ ಜೋಡಿ ಮಣೆ ಕೊಟ್ಟಿದ್ದಳು. ಒಂದೇ ಹಲಗೆ ಕೊಯ್ದು ಮಾಡಿದ್ದು, ಹಿತ್ತಾಳೆ ಹೂ ಬಡಿದದ್ದು. ಮೂರು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಅದರಲ್ಲೊಂದು ಕಾಣೆಯಾಯಿತು. ಉಳಿದದ್ದರ ಮೇಲೆ ನನ್ನನ್ನು ಕೂರಿಸಿ, ತಾನು ಬರೀ ನೆಲದ ಮೇಲೆ ಕೂತು ಉಣ್ಣುವಳು. ಉಣ್ಣುವಾಗಲೆಲ್ಲ ಅದೇ ಮಾತು.

"ಜೋಡಿ ಮಣಿ ಒಡದು ಹೋಗ್ಬಾರ್ದು ಅಂತ ನಮ್ಮವ್ವ ಹೇಳಿದ್ಳು. ಎಲ್ಲಿ ಹಾಕೀರಿ ನೆನಪ್ ಮಾಡ್ಕೋರಿ."

"ಲಾರಿಯವ್ರು ಒಯ್ದಿರ್ಬೇಕು."

"ಲಾರಿಯವ್ರಿಗಿ ನನ್ ತವರುಮನಿ ಮಣಿ ಯಾಕ ಬೇಕ್ರಿ? ದೇಶದಾಗಿನ ಗುಡ್ಡಾ ಎಲ್ಲೆಲ್ಲಿ ಅವ ಅಂತ ಹುಡುಕ್ತೀರಿ, ಮನ್ಯಾಗಿನ ಒಂದ್ ಮಣಿ ಹುಡುಕ್ಲಾಕ ಆಗಲ್ದು."

ನಾನು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಳ್ಳುತ್ತಿದ್ದೆ.

ಹೀಗಿರುವಾಗ ಕುಂದಾಪುರದ ಕಡೆಯ ಹೊಳೆಬಾಯಿಯ ಒಂದು ಕುದ್ರುವಿನ ಅಳತೆ ಬಂತು. ಕುದ್ರು ಅಂದರೆ ನದಿ ಕಡಲು ಸೇರುವಲ್ಲಿ ಮರಳು, ಮೆಕ್ಕಲು ಸೇರಿ ಎದ್ದ ಪುಟ್ಟ ದ್ವೀಪ. ಇದರ ಹೆಸರು ಚಿಪ್ಪಿಕುದ್ರು. ನಲವತ್ತೊಂದು ಮನೆ. ಊರಿನ ಸರಾಸರಿ ಮಟ್ಟಕ್ಕೆ ಸರಿಹೊಂದುವ ಮನೆಯ ಜಗಲಿಯಲ್ಲಿ ಗಡಿಯಾರವನ್ನು ಒಂದು ತಿಂಗಳು ಇಟ್ಟಿದ್ದರು. ಅಳತೆ ನೂರಿಪ್ಪತ್ತೆರಡು ಸೆಂಟಿಮೀಟರ್. ಬರೀ ಎರಡು ಸೆಂಟಿಮೀಟರಿನಲ್ಲಿ ಊರು ಉಳಿದಿತ್ತು.

ಗೆರೆಗೆ ಅಷ್ಟು ಹತ್ತಿರ ಬಂದರೆ ಅಧಿಕಾರಿ ಖುದ್ದಾಗಿ ಹೋಗಿ ನೋಡಬೇಕು. ದೆಹಲಿಯಲ್ಲಿದ್ದ ನಮ್ಮ ನಿರ್ದೇಶಕಿ ಸ್ಟಾನ್ಜಿನ್ ಮೇಡಂ ಲಡಾಖಿನವರು. ಮೈಸೂರಿನಲ್ಲಿ ಓದುವಾಗ ಪುಸ್ತಕದಿಂದ ಕನ್ನಡ ಕಲಿತವರು, ಆ ಕನ್ನಡದ ಎದುರು ನಾವೇ ಪರದೇಶಿಗಳು. ಪರದೆಯ ಮೇಲೆ ಬಂದು ಅಪ್ಪಣೆ ಮಾಡಿದರು, "ಮಾಣಿಕಪ್ಪನವರೇ, ತಾವು ನಾಳೆಯೇ ದ್ವೀಪಕ್ಕೆ ತೆರಳಿ ಪರಾಮರ್ಶಿಸಿ, ಸಂಜೆ ಐದರೊಳಗೆ ವರದಿ ಸಲ್ಲಿಸತಕ್ಕದ್ದು. ನಾಳೆ ಪಟ್ಟಿ ಅಂತಿಮವಾಗುತ್ತದೆ."

ದೋಣಿ ನಡೆಸಿದವನು ಶೀನ ಎಂಬ ನಲವತ್ತರ ಮನುಷ್ಯ. ನಾನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, ನೀರು ನೋಡಬಾರದೆಂದು ಆಕಾಶ ನೋಡುತ್ತ ಕೂತಿದ್ದೆ.

"ಹ್ವಾಯ್, ನೀವ್ ದೋಣಿ ಹಿಡ್ಕಣ್ಬೇಡಿ," ಎಂದ ಶೀನ. "ದೋಣಿಯೇ ನಿಮ್ಮನ್ನ ಹಿಡ್ಕಂಡಿತ್ತ್. ಸುಮ್ನೆ ಕೂಕಣಿ."

ದಡದಲ್ಲಿ ಅವನ ದೊಡ್ಡಮ್ಮ ಬಚ್ಚಮ್ಮ ಕಾದು ನಿಂತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಹೊಳೆ ಇಳಿದಾಗ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಅವಳ ಕಸುಬು. ಆ ಊರಿನ ಹೆಂಗಸರದೆಲ್ಲ ಅದೇ. ದಾರಿಗೆಲ್ಲ ಚಿಪ್ಪು ಹರಡಿ ಕಾಲಿಟ್ಟಲ್ಲಿ ಕರಕರ ಅನ್ನುತ್ತಿತ್ತು. ಗಡಿಯಾರ ಇದ್ದದ್ದು ಇವಳ ಜಗಲಿಯಲ್ಲೇ.

"ಬನಿ ಬನಿ. ಗಡಿಯಾರ ಕಾಂಬುಕೆ ಬಂದದ್ದಾ? ಕಾಣಿ, ಒಂದ್ ದಿನವೂ ಧೂಳ್ ಕೂರುಕೆ ಬಿಡ್ಲಿಲ್ಲೆ."

ಕಂಡೆ. ಧೂಳು ಇರಲಿಲ್ಲ. ಗಡಿಯಾರಕ್ಕೆ ಒಂದು ದಾಸವಾಳ ಮುಡಿಸಿತ್ತು. ಅದರ ಕೆಳಗೆ, ನೆಲಕ್ಕೂ ಅದಕ್ಕೂ ನಡುವೆ, ನುಣ್ಣಗೆ ಸವೆದ ಹಲಸಿನ ಮರದ ಒಂದು ಮಣೆ ಇತ್ತು.

"ಅಮ್ಮಾ, ಇದರ ಕೆಳಗ ಮಣೆ ಯಾಕ ಇಟ್ಟೀರಿ?"

"ಮತ್ತೆಂತ ಮಾಡೂದು? ದಿಲ್ಲಿಂದ ಬಂದದ್ದ್. ಮನಿಗ್ ಬಂದವ್ರನ್ನ ಬರೀ ನೆಲದ್ ಮೇಲೆ ಕೂರ್ಸುಕಾತ್ತಾ? ಇಡುಕ್ ಬಂದವ್ರ್ ಹಂಗೇ ನೆಲಕ್ಕೆ ಇಟ್ಟ್ ಹೋಯ್ರ್, ಮರ್ಯಾದೆ ಗೊತ್ತಿಲ್ಲೆ. ಅವ್ರ್ ದೋಣಿ ಹತ್ತಿದ್ದೇ ನಾನ್ ಮಣೆ ಹಾಕ್ದೆ."

ಚೀಲದಿಂದ ಅಳತೆಪಟ್ಟಿ ತೆಗೆದು ಮಣೆಯನ್ನು ಅಳೆದೆ. ಐದು ಸೆಂಟಿಮೀಟರ್. ನೂರಿಪ್ಪತ್ತೆರಡರಲ್ಲಿ ಐದು ಕಳೆದರೆ ನೂರಾ ಹದಿನೇಳು. ಊರು ಪಟ್ಟಿಗೆ ಸೇರಿತು.

ಏನೂ ಕಾಣಲಿಲ್ಲವೆಂದು ಎದ್ದು ಹೋಗಿಬಿಡೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಬಲವಾಗಿಯೇ ಅನ್ನಿಸಿತು. ಆದರೆ ನನ್ನ ಮುಖ ನೋಡಿ ಬಚ್ಚಮ್ಮ ಬಿಡಲಿಲ್ಲ. ಎಳೆದೆಳೆದು ಕೇಳಿದಳು. ಹೇಳಿದೆ. ಗಡಿಯಾರ ಮಣೆಯ ಎತ್ತರವನ್ನೂ ಸೇರಿಸಿ ಎಣಿಸಿದೆ, ಊರಿನ ನಿಜವಾದ ಎತ್ತರ ಇನ್ನೂ ಕಡಿಮೆ ಎಂದೆ.

ಅವಳು ಗಡಿಯಾರದ ಕಡೆ ತಿರುಗಿದಳು. "ಅಂದ್ರೆ ನಾನ್ ಸುಳ್ಳ್ ಹೇಳ್ದಂಗ್ ಆಯ್ತಾ?"

"ನಿಮಗ ಗೊತ್ತಿರಲಿಲ್ಲಲ್ಲವ್ವಾ."

"ಈಗ ಗೊತ್ತಾಯ್ತಲೆ." ಅವಳು ಬಗ್ಗಿ, ಮಲಗಿದ ಕೂಸನ್ನು ಎತ್ತಿದ ಹಾಗೆ ಗಡಿಯಾರ ಎತ್ತಿ, ಕಾಲಿನಿಂದ ಮಣೆ ಸರಿಸದೆ ಶೀನನ ಕೈಯಲ್ಲಿ ತೆಗೆಸಿ, ಅದನ್ನು ನೆಲಕ್ಕಿಟ್ಟಳು. "ಸುಳ್ಳಿನ್ ಮೇಲೆ ಕೂಕಂಡ್ ಕುದ್ರು ಉಳುದ್ ಬ್ಯಾಡ," ಎಂದಳು. "ಬಳಚು ಗುಡ್ಡೆ ಹತ್ತಿ ಬಪ್ಪುದಿಲ್ಲೆ ಅಯ್ಯಾ. ನಾವ್ ಗುಡ್ಡೆ ಮೇಲೆ ಎಂತ ಹೆಕ್ಕೂದ್?"

ನನಗೆ ತಲೆ ಎತ್ತಲಾಗಲಿಲ್ಲ. ಇಂಥ ಎಷ್ಟು ಊರಿಗೆ ಚಹಾ ಕುಡಿಯುತ್ತ ಸಹಿ ಹಾಕಿದ್ದೇನೋ ಎಂದು ಅವತ್ತು ಮೊದಲ ಸಲ ನಾಚಿಕೆಯಾಯಿತು.

ಗಡಿಯಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ತಾಸು ಬೇಕು. ಅಷ್ಟರಲ್ಲಿ ಊಟ ಮಾಡಬೇಕೆಂದು ಬಚ್ಚಮ್ಮ ಹಟ ಹಿಡಿದಳು. ನಾನು ಮೀನು ತಿನ್ನುವುದಿಲ್ಲವೆಂದು ತಿಳಿದು ಬೇರೆ ಪಾತ್ರೆಯಲ್ಲಿ ಬಸಳೆ ಹುಳಿ ಮಾಡಿದ್ದಳು. ಬಾಳೆಲೆ ಹಾಸಿ, ಅದರ ಮುಂದೆ ಅದೇ ಮಣೆ ತಂದಿಟ್ಟಳು. "ಗಡಿಯಾರಕ್ಕಂತೂ ಇಲ್ಲೆ, ನಿಮ್ಗಾರೂ ಆಯ್ಲಿ. ಕೂಕಣಿ."

ಕೂತೆ. ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಅಂಕಿ ಇಳಿಯುತ್ತಿತ್ತು. ನೂರಿಪ್ಪತ್ತೊಂದು. ನೂರಿಪ್ಪತ್ತು. ಮಣೆಯ ಮೇಲೆ ಕೂತಾಗಲೆಲ್ಲ ಕಿವಿಗೆ ಬೀಳುವ ಸುಗಲಾಳ ಮಾತು ಅಲ್ಲೂ ಬಿತ್ತು. ಎಲ್ಲಿ ಹಾಕೀರಿ, ನೆನಪ್ ಮಾಡ್ಕೋರಿ.

ಆಗ ನೆನಪಾಯಿತು.

ಮೂರು ವರ್ಷದ ಹಿಂದೆ, ಸೊನ್ನೆ ಗಡಿಯಾರದ ಪ್ರತಿಷ್ಠಾಪನೆಯ ದಿನ. ನಮ್ಮ ಸಾಮಾನಿನ ಲಾರಿ ಸುರಂಗದ ಬಾಗಿಲಲ್ಲೇ ನಿಂತಿತ್ತು. ಪೂಜೆಗೆ ಎಲ್ಲ ಸಿದ್ಧವಾಗಿತ್ತು, ಗಡಿಯಾರ ಮಾತ್ರ ಬರೀ ಕಲ್ಲುನೆಲದ ಮೇಲಿತ್ತು. ಪೂಜೆ ಮಾಡುವ ವಸ್ತುವನ್ನು ಬರೀ ನೆಲದ ಮೇಲಿಡುವುದೇ? ನಾನೇ ಓಡಿಹೋಗಿ ಲಾರಿಯಿಂದ ಒಂದು ಮಣೆ ತಂದೆ. ನಾನೇ ಕುಂಕುಮ ಹಚ್ಚಿದೆ. ಮುಖ್ಯ ಅತಿಥಿಗಳು ತಡವಾಗಿ ಬಂದರು, ಗಡಿಬಿಡಿಯಲ್ಲಿ ಕಾಯಿ ಒಡೆದರು, ಚಪ್ಪಾಳೆ ತಟ್ಟಿದರು. ಕ್ರೇನಿನವನು ಉಕ್ಕಿನ ಮುಚ್ಚಳ ಇಳಿಸಿದ. ಮೊಹರು ಬಿತ್ತು. ಮಣೆ ಒಳಗೇ ಉಳಿಯಿತು.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ. ದೇಶದ ಸೊನ್ನೆಯೇ ಒಂದು ಮಣೆಯಷ್ಟು ಮೇಲಿತ್ತು! ಸೊನ್ನೆ ಮೇಲಿದ್ದರೆ ಉಳಿದದ್ದೆಲ್ಲ ಅಷ್ಟೇ ತಗ್ಗಾಗಿ ಕಾಣುತ್ತದೆ. ಕಡಲೂ ಅಲ್ಲ, ಭೂಮಿಯೂ ಅಲ್ಲ, ಬಿಸಿಲಿನ ಸರಪಳಿಯೂ ಅಲ್ಲ. ಮೂರು ಡಾಕ್ಟರೇಟಿಗೆ ಕಾರಣ ನನ್ನ ಅತ್ತೆ ಕೊಟ್ಟ ಮಣೆ.

ಎಂಜಲು ಕೈಯಲ್ಲೇ ಸುಗಲಾಳಿಗೆ ಫೋನು ಮಾಡಿದೆ.

"ಸುಗಲಾ, ಮನ್ಯಾಗಿನ ಮಣಿ ಎತ್ತರ ಎಷ್ಟದ, ಅಳದು ಹೇಳು."

"ಯಾಕ್ರಿ, ಅಲ್ಲಿ ಅಳಿಲಾಕ ಏನೂ ಸಿಗಲಿಲ್ಲೇನು?"

"ಲಗು ಅಳಿ."

ಹೊಲಿಗೆ ಡಬ್ಬಿ ತೆರೆದ ಸದ್ದು, ಬಳೆಯ ಸದ್ದು. ಜೋಡಿ ಮಣೆ, ಒಂದೇ ಹಲಗೆ, ಒಂದೇ ಎತ್ತರ. ಅದು ಮೂರು ಸೆಂಟಿಮೀಟರಿಗಿಂತ ಗಿಡ್ಡಾಗಿದ್ದರೆ ಈ ಊರು ಹೋಯಿತು. ಪರದೆಯಲ್ಲಿ ಅಂಕಿ ನೂರಾ ಹದಿನೇಳಕ್ಕೆ ಬಂದು ನಿಂತಿತ್ತು. ಬಚ್ಚಮ್ಮ ಬಡಿಸುವ ಸೌಟು ಹಿಡಿದೇ ನನ್ನ ಬಾಯಿ ನೋಡುತ್ತಿದ್ದಳು.

"ಆರು," ಎಂದಳು ಸುಗಲಾ. "ಆರಕ್ಕ ಆರು, ಒಂದ್ ಕೂದಲೂ ಕಮ್ಮಿ ಇಲ್ಲ."

"ಸುಗಲಾ, ಅದರ ಜೋಡಿ ಸಿಕ್ಕದ!"

"ಹೌದಾ! ಎಲ್ಲದ್ರೀ?"

"ದೇಶದ ಬುಡಕದ."

"ಅವ್ರ ಮನ್ಯಾಗ ಏನ್ ತಿಂದೀರಿ ನೀವು?" ಎಂದಳು.

ನೂರಾ ಹದಿನೇಳಕ್ಕೆ ಆರು ಕೂಡಿಸಿದರೆ ನೂರಿಪ್ಪತ್ಮೂರು. ಊರು ಉಳಿಯುತ್ತಿತ್ತು, ಅದೂ ಸತ್ಯವಾಗಿಯೇ. ಆದರೆ ಅದಕ್ಕೆ ನಾನು ಬಾಯಿ ಬಿಡಬೇಕಿತ್ತು. ಮೂರು ವರ್ಷ ದೇಶದ ಒಂದೊಂದು ಎತ್ತರವನ್ನೂ ತಪ್ಪಾಗಿ ಹೇಳಿದವನು ಈ ಮಾಣಿಕಪ್ಪ ಎಂದು ಒಪ್ಪಿಕೊಳ್ಳಬೇಕಿತ್ತು. ನೌಕರಿಯೂ ಹೋಗಬಹುದಿತ್ತು. ಮಣೆ ತೆಗೆಸಿ ನೆಲದ ಮೇಲೆ ಗಡಿಯಾರ ಇಟ್ಟ ಆ ಹೆಂಗಸಿನ ಎದುರು ಕೂತು ಹೆಚ್ಚು ಹೊತ್ತು ಹೆದರಲು ನಾಚಿಕೆಯಾಯಿತು. ಗಂಟೆ ನಾಲ್ಕೂಕಾಲು. ದೆಹಲಿಗೆ ಕರೆ ಮಾಡಿದೆ.

ಎಲ್ಲ ಕೇಳಿ ಸ್ಟಾನ್ಜಿನ್ ಮೇಡಂ ಮೆಲ್ಲಗೆ ಹೇಳಿದರು, "ಮಾಣಿಕಪ್ಪನವರೇ, ಸಮಸ್ತ ಭಾರತವು ಮೂರು ವರ್ಷಗಳಿಂದ ತಮ್ಮ ಶ್ರೀಮತಿಯವರ ಮಣೆಯ ಮೇಲಿನಿಂದ ಅಳೆಯಲ್ಪಟ್ಟಿದೆ ಎಂದು ತಾವು ಹೇಳುತ್ತಿದ್ದೀರಾ?"

"ಹೌದ್ರಿ ಮೇಡಂ."

"ಗಡಿಯಾರವನ್ನು ಮಣೆಯ ಮೇಲಿಡಬೇಕೆಂದು ಯಾವ ನಿಯಮದಲ್ಲಿದೆ?"

"ಯಾವ ನಿಯಮದಾಗೂ ಇಲ್ರಿ. ಬರೇ ನೆಲದ ಮ್ಯಾಲ ಇಡ್ಲಾಕ ಮನಸ್ಸ ಬರಲಿಲ್ಲ."

"ನಮ್ಮೂರಿನಲ್ಲಿ ಅತಿಥಿ ಎಷ್ಟು ದೊಡ್ಡವರೋ ಆಸನವೂ ಅಷ್ಟು ಎತ್ತರ," ಎಂದರು. "ಅಲ್ಲಿಯ ಗಡಿಯಾರ ನನ್ನ ತಾಯಿಯ ಮನೆಯಲ್ಲಿದೆ. ಒಂದು ನಿಮಿಷ ತಡೆಯಿರಿ." ಬೇರೆ ಫೋನಿನಲ್ಲಿ ಅವರು ತಮ್ಮ ಭಾಷೆಯಲ್ಲಿ ಯಾರನ್ನೋ ಏನೋ ಕೇಳಿದ್ದು, ಆ ಕಡೆಯಿಂದ ಮುದುಕಿಯೊಬ್ಬಳ ದೊಡ್ಡ ದನಿ ಕೇಳಿಸಿತು. ತಿರುಗಿ ಬಂದಾಗ ಮೇಡಂ ಪುಸ್ತಕದ ಕನ್ನಡ ಮರೆತಿದ್ದರು. "ಎರಡು ಜಮಖಾನ, ಮಾಣಿಕಪ್ಪ! ದಪ್ಪದ್ದು!" ಎಂದು ಬಿದ್ದು ಬಿದ್ದು ನಕ್ಕರು.

ಅವತ್ತು ಪಟ್ಟಿ ಅಂತಿಮವಾಗಲಿಲ್ಲ. ದೇಶದ ಎಲ್ಲ ಗಡಿಯಾರಗಳ ಕೆಳಗೆ ನೋಡಿ ಎಂದು ಆಜ್ಞೆ ಹೋಯಿತು. ಬಂದ ಉತ್ತರಗಳನ್ನು ನಾನೇ ಓದಿದೆ. ಲಕ್ಷದ್ವೀಪದಲ್ಲಿ ತೆಂಗಿನ ನಾರಿನ ಚಾಪೆ. ಅಸ್ಸಾಮಿನ ಹೊಳೆದ್ವೀಪದಲ್ಲಿ ಬಿದಿರಿನ ಪೀಠ. ರಾಜಸ್ಥಾನದ ಮರಳಿನಲ್ಲಿ ನಾಲ್ಕು ಮಡಿಕೆಯ ಕೌದಿ. ನಮ್ಮ ಬೀದರಿನಲ್ಲಿ ಕರಿ ಕಂಬಳಿಯ ಗದ್ದುಗೆ, ಅದರ ಮೇಲೆ ವಿಭೂತಿ ಬೇರೆ. ಮುನ್ನೂರಕ್ಕೂ ಹೆಚ್ಚು ಕಡೆ, ಇಟ್ಟವನು ಬೆನ್ನು ತಿರುಗಿಸಿದ ಕೂಡಲೇ ಮನೆಯವರು ಗಡಿಯಾರಕ್ಕೆ ಆಸನ ಹಾಕಿದ್ದರು. ಬೆಟ್ಟವಿರಲಿ ದ್ವೀಪವಿರಲಿ, ಜನ ಇದೊಂದರಲ್ಲಿ ಒಂದೇ ಮಟ್ಟ. ಓದುತ್ತ ಓದುತ್ತ ನನಗೆ ಕಣ್ಣು ತುಂಬಿ ಬಂತು.

ಸೊನ್ನೆ ಗಡಿಯಾರದ ಮೊಹರು ಒಡೆದರು. ಮಣೆ ಇತ್ತು, ನಾನು ಹಚ್ಚಿದ ಕುಂಕುಮವೂ ಇತ್ತು. ಅದನ್ನು ತೆಗೆದ ದಿನ ದೇಶ ಆರು ಸೆಂಟಿಮೀಟರ್ ಮೇಲೆದ್ದಿತು. ಬೆಟ್ಟದವರು ಪಟಾಕಿ ಹೊಡೆದರು. ಪಟ್ಟಿಯಲ್ಲಿದ್ದ ಹನ್ನೊಂದು ಊರು ಗೆರೆ ದಾಟಿ ಹೊರಬಂದವು. ಮೂರು ಡಾಕ್ಟರೇಟುಗಳು ಹಾಗೇ ಉಳಿದವು, ಕೊಟ್ಟದ್ದನ್ನು ಕಿತ್ತುಕೊಳ್ಳುವ ಪದ್ಧತಿ ಇಲ್ಲವಂತೆ. ನನ್ನ ನೌಕರಿಯೂ ಉಳಿಯಿತು. ಶಿಕ್ಷೆ ಎಂದರೆ, ಯಂತ್ರ ಕ್ಷಣದಲ್ಲಿ ತಿದ್ದಬಹುದಾದ ಅಷ್ಟೂ ಎತ್ತರಗಳ ಹಾಳೆಗೆ ನಾನು ಒಂದೊಂದಾಗಿ ಸಹಿ ಹಾಕಬೇಕು. ಇನ್ನೂ ಹಾಕುತ್ತಿದ್ದೇನೆ. ಆದರೆ ಈಗ ಪ್ರತಿ ಊರಿನ ಹೆಸರು ಓದಿಯೇ ಹಾಕುತ್ತೇನೆ.

ಚಿಪ್ಪಿಕುದ್ರುವಿನ ಕೊನೆಯ ಅಳತೆಗೆ ಸುಗಲಾಳೂ ಬಂದಳು, ಸಿಕ್ಕ ಮಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು. ನಾನು ದೋಣಿ ಹಿಡಿದು ಕೂತಿದ್ದರೆ ಅವಳು ನೀರಿಗೆ ಕೈಯಿಳಿಸಿ ನಗುತ್ತಿದ್ದಳು. ಗಡಿಯಾರ ಬರೀ ನೆಲದ ಮೇಲಿತ್ತು. ಅದು ನೆಲದ ಮೇಲಿರುವ ತನಕ ತಾನೂ ನೆಲದ ಮೇಲೆಯೇ ಎಂದು ಬಚ್ಚಮ್ಮ ಪಕ್ಕದಲ್ಲಿ ಕೂತಿದ್ದಳು. ಹಿಂದೆ ಇಡೀ ಊರು ನಿಂತಿತ್ತು.

"ನೂರಿಪ್ಪತ್ಮೂರು," ಎಂದು ಓದಿದೆ.

ಶೀನ ಹಾರಿ ಕುಣಿದ. ಬಚ್ಚಮ್ಮ ಕುಣಿಯಲಿಲ್ಲ. ಅಂಗೈಯಿಂದ ನೆಲವನ್ನು ಒಂದು ಸಲ ಸವರಿ, ಎದ್ದು ಬಂದು, ಸುಗಲಾಳ ಮಣೆಯನ್ನು ಕೈಗೆ ತೆಗೆದುಕೊಂಡು ಹಿತ್ತಾಳೆ ಹೂವಿನ ಮೇಲೆ ಬೆರಳಾಡಿಸಿದಳು. "ಇದೇಯಾ ನಮ್ಮೂರ್ ಉಳ್ಸದ್ದ್?"

ಮೂರು ವರ್ಷ ಆ ಮಣೆಗಾಗಿ ನನ್ನ ತಲೆ ತಿಂದವಳು ಸುಗಲಾ. ಅಂಥವಳು ಹೇಳಿದ್ದು ಕೇಳಿ ನಾನು ಬೆರಗಾದೆ. "ನೀವೇ ಇಟ್ಕೋರಿ ಅಕ್ಕಾ. ನಿಮ್ ಮಣಿ ನಮಗ ಕೊಡ್ರಿ. ಜೋಡಿ ಅಂದ್ರ ಎರಡೂ ಒಂದೇ ಮನ್ಯಾಗ ಇರ್ಬೇಕು ಅಂತೇನಿಲ್ಲ."

ಹೀಗೆ ಬೇವಿನ ಮಣೆ ಕುದ್ರುವಿನಲ್ಲಿ ಉಳಿಯಿತು, ಹಲಸಿನ ಮಣೆ ನಮ್ಮ ಮನೆಗೆ ಬಂತು. ಈಗ ನಾವಿಬ್ಬರೂ ಮಣೆಯ ಮೇಲೆ ಕೂತೇ ಉಣ್ಣುತ್ತೇವೆ. ಆರು ಸೆಂಟಿಮೀಟರಿನದು ಅವಳಿಗೆ, ಐದರದು ನನಗೆ. ತಗ್ಗಿನಲ್ಲಿ ಕೂತವನಿಗೆ ಕಾಲ ನಿಧಾನ, ಆದ್ದರಿಂದ ನಿನಗಿಂತ ನಾನು ತಡವಾಗಿ ಮುದುಕನಾಗುತ್ತೇನೆ ಎಂದು ಮೊನ್ನೆ ಅವಳಿಗೆ ವಿಜ್ಞಾನ ಹೇಳಿದೆ.

"ಹಂಗಾದ್ರ ನಿಮಗ ಹಸಿವೂ ತಡಾ ಆಗ್ತದಲ್ಲ," ಎಂದು ಅವಳು ಮೊದಲ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು.